ಸಹಾಯ ಬೇಕು: ಅಪ್ಪನಿಗೆ ಪಾರ್ಕಿನ್ಸನ್, ಡಿಬಿಎಸ್ ಆಪರೇಷನ್‌ಗೆ ಕಾಯುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಅಪ್ಪನಿಗೆ 61 ವರ್ಷ, ಪಾರ್ಕಿನ್ಸನ್ (ಮೈ ಬಿಗಿದು, ನಡುಕ ಬಂದು, ಓಡಾಟ ನಿಧಾನವಾಗುವ ನರರೋಗ) ಶುರುವಾಗಿ 9 ವರ್ಷ ಆಯ್ತು. ಬೆಂಗಳೂರಿನ ಡಾಕ್ಟರು ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಶನ್) ಮಾಡಬಹುದು ಎಂದಿದ್ದಾರೆ. ಮಿದುಳಿನೊಳಗೆ ತೆಳು ತಂತಿ ಇಟ್ಟು, ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಆಪರೇಷನ್. ದುಡ್ಡು ಹೊಂದಿಸಬೇಕು, ಸರದಿಯೂ ಬರಬೇಕು. ಅಲ್ಲಿವರೆಗೆ ದಿನ ದೂಡುವುದೇ ಕಷ್ಟ ಆಗಿದೆ.

ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಮೊದಲು 5 ಗಂಟೆ ಹಿಡಿಯುತ್ತಿತ್ತು, ಈಗ ಎರಡೂವರೆ ಗಂಟೆಗೇ ಇಳಿದುಹೋಗುತ್ತದೆ. ಆಮೇಲೆ ಕಾಲು ನೆಲಕ್ಕೆ ಅಂಟಿದ ಹಾಗೆ. ಅದರಲ್ಲೂ ಬಚ್ಚಲಮನೆ ಹೊಸ್ತಿಲಲ್ಲಿ ನಿಂತೇಬಿಡುತ್ತಾರೆ. ಅಮ್ಮ ಅಲ್ಲಿ ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆದಳು. ವಿಚಿತ್ರ ನೋಡಿ, ಗೆರೆ ಕಂಡರೆ ದಾಟುತ್ತಾರೆ! ನೀರು ಬಿದ್ದು ಅಳಿಸಿದ ದಿನ ಮತ್ತೆ ಅದೇ ಕಥೆ. ಈಗ ಬಣ್ಣದ ಟೇಪ್ ಅಂಟಿಸಿದ್ದೇವೆ.

ಬೇಳೆಕಾಳು, ಮೊಟ್ಟೆ, ಮೊಸರಿನಂಥ ಪ್ರೋಟೀನ್ ಇರುವ ಊಟದ ಜೊತೆ ಮಾತ್ರೆ ಸರಿಯಾಗಿ ಹಿಡಿಯಲ್ಲ ಅಂತ ಗೊತ್ತಾದ ಮೇಲೆ ಊಟಕ್ಕೆ ಮುಕ್ಕಾಲು ಗಂಟೆ ಮೊದಲೇ ಕೊಡುತ್ತೇವೆ. ಸ್ವಲ್ಪ ವಾಸಿ. ಆದರೆ ಮಧ್ಯಾಹ್ನದ ಮುದ್ದೆಗೆ ಹುರುಳಿ ಸಾರು ಬೇಡ ಅಂದರೆ ಅಪ್ಪ ಕೇಳಬೇಕಲ್ಲ!

ಆಪರೇಷನ್ ಆದವರ ಮನೆಯವರು ಇದ್ದೀರಾ? ಚಾರ್ಜ್ ಮಾಡುವ ಬ್ಯಾಟರಿ ಹಾಕಿಸಿದಿರಾ, ಇನ್ನೊಂದು ಬಗೆಯದ್ದಾ? ನಮ್ಮ ಹಳ್ಳಿ ಕರೆಂಟ್ ನೆಚ್ಚಿಕೊಳ್ಳುವ ಹಾಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ರಾತ್ರಿ ಮಗ್ಗುಲು ಬದಲಿಸಲು ಏನು ಮಾಡಿಕೊಂಡಿದ್ದೀರಿ? ಅಮ್ಮ ಮೂರು ಸಲ ಏಳುತ್ತಾಳೆ, ಅವಳ ಸೊಂಟವೂ ಹೋಗಿದೆ. ಔಷಧಿ ಬದಲಿಸುವ ಸಲಹೆ ಬೇಡ, ಅದನ್ನು ಡಾಕ್ಟರೇ ನೋಡುತ್ತಾರೆ. ನಿಮ್ಮ ಮನೆಯಲ್ಲಿ ಹೇಗೆ ನಡೆಸಿದಿರಿ ಅಂತ ಹೇಳಿ ಸಾಕು.