ಸಹಾಯ ಬೇಕು: ತುಮಕೂರಲ್ಲಿ ಸ್ಟಾಫ್ ನೊಟೇಶನ್ ಕಲಿಸುವವರು ಇದ್ದಾರಾ?

ನಮಸ್ಕಾರ. ನಾನು ತುಮಕೂರಿನವಳು. ಡಿಗ್ರಿಯಲ್ಲಿ ಗಣಿತ ಮೇಜರ್, ಸಂಗೀತ ಸಂಯೋಜನೆ ಮೈನರ್. 8 ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ, ಸುಲಭ ಅಂದುಕೊಂಡಿದ್ದೆ. ಈಗ ಪೇಚಾಟ.

ಸ್ವಂತ ರಚನೆಯೊಂದನ್ನು ಐದು ಗೆರೆಗಳ ಮೇಲೆ ಸ್ವರ ಗುರುತಿಸುವ ಪಾಶ್ಚಾತ್ಯ ಲಿಪಿಯಲ್ಲಿ, ಅಂದರೆ ಸ್ಟಾಫ್ ನೊಟೇಶನ್‌ನಲ್ಲಿ, ಬರೆದು ಕೊಡಬೇಕು. ಮೋಹನ ರಾಗದಲ್ಲಿ ಶುರು ಮಾಡಿದೆ. ಸ ರಿ ಗ ಪ ದ, ಐದೂ ಸಲೀಸಾಗಿ ಕೂತವು. ಆದರೆ ಗಮಕ, ಅಂದರೆ ಸ್ವರದ ಓಲಾಟ, ಹೇಗೆ ಬರೆಯೋದು? ಸುಮ್ನೆ ಸ್ವರ ಇಟ್ಟರೆ ಮ್ಯೂಸ್‌ಸ್ಕೋರ್ (ನೊಟೇಶನ್ ಬರೆಯುವ ಸಾಫ್ಟ್‌ವೇರ್) ಅದನ್ನು ಕಾಲಿಂಗ್ ಬೆಲ್ ಥರ ನುಡಿಸುತ್ತದೆ! ರಾಗದ ಕೆಳಗೆ ಕಾರ್ಡ್‌ಗಳೂ (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೇಕಂತೆ. ನಮ್ಮ ಮೇಷ್ಟ್ರನ್ನು ಕೇಳಿದರೆ 'ತಂಬೂರಿ ಸಾಲದೇನಮ್ಮಾ' ಅಂತಾರೆ.

ಭಾನುವಾರ ನೊಟೇಶನ್, ಹಾರ್ಮನಿ ಹೇಳಿಕೊಡುವ ಕೀಬೋರ್ಡ್ ಟೀಚರ್ ಯಾರಾದರೂ ಗೊತ್ತಾ? ಫೀಸ್ ಎಷ್ಟಾಗಬಹುದು? ಚರ್ಚ್ ಕ್ವಾಯರ್‌ನವರಿದ್ದರೂ ತಿಳಿಸಿ. ಅವರಲ್ಲಿ ನಾಲ್ಕು ದನಿಯಲ್ಲಿ ಹಾಡುವ ರೂಢಿ ಇದೆ ಅಲ್ವಾ?