ತಾಯ್ ಚಿ ಕತ್ತಿವರಸೆ: ಯಾರ ಪರಂಪರೆ ಹಿಡಿಯಬೇಕು, ಯಾವ ಭಂಗಿ ಸರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಸಿಂಗಪುರದಿಂದ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಸಿಂಗಪುರದಲ್ಲಿ ನೆಲೆಸಿದ್ದೇನೆ. ನಮ್ಮ ಬ್ಲಾಕಿನ ಕೆಳಗೆ ಬೆಳಗ್ಗೆ ತಾಯ್ ಚಿ (ನಿಧಾನಗತಿಯ ಚೀನೀ ಸಮರಕಲೆ) ಮಾಡುವ ಚೀನೀ ಹಿರಿಯರ ಗುಂಪೊಂದಿದೆ. ಅವರ ಜೊತೆ 24 ಭಂಗಿಗಳ ವರಸೆ ಕಲಿತೆ, ಈಗ 32ರ ಕತ್ತಿವರಸೆ ಅರ್ಧದಲ್ಲಿದೆ. ಹೇಳಿಕೊಡುವ ಆಂಟಿಗೆ ಎಪ್ಪತ್ತು ದಾಟಿದೆ, ಬಹಳ ತಾಳ್ಮೆಯವರು. ಈಚೆಗೆ ಗೆಳತಿಯೊಬ್ಬರು ಬೇರೊಂದು ತರಗತಿಗೆ ಕರೆದುಕೊಂಡು ಹೋದರು. ಅಲ್ಲಿನ ಮೇಷ್ಟ್ರು ನನ್ನ ವರಸೆ ನೋಡಿ, "ಇದು ಸರ್ಕಾರದವರು ಮಾಡಿದ ವ್ಯಾಯಾಮ, ಇದಕ್ಕೆ ಪರಂಪರೆ ಇಲ್ಲ. ಯಾಂಗ್ ಮನೆತನದ 67ರ ವರಸೆಯೇ ಅಸಲು. ನಿಮ್ಮ ಎಡಗೈ, ಮಣಿಕಟ್ಟು ಎರಡೂ ತಪ್ಪು" ಅಂದರು. ಆಂಟಿಯನ್ನು ಕೇಳಿದರೆ "ನಮ್ಮಲ್ಲಿ ಹೀಗೇ" ಅನ್ನುತ್ತಾರೆ. ಇಲ್ಲಿ ಬಿಟ್ಟು ಅಲ್ಲಿಗೆ ಸೇರಬೇಕೇ? ಎರಡನ್ನೂ ಮಾಡಬಹುದೇ? ಬಲಗೈ ಮಣಿಕಟ್ಟು ಬೇರೆ ನೋಯುತ್ತಿದೆ. ದಯವಿಟ್ಟು ತಿಳಿದವರು ಹೇಳಿ.

ಬೆಂಗಳೂರು, ಜಯನಗರದಿಂದ

ಮೇಡಂ, ಮೊದಲು ಶುರು ಮಾಡಿದ್ದನ್ನು ಮುಗಿಸಿ. ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿದವರು ಎರಡನ್ನೂ ಮರೆತಿದ್ದನ್ನು ನಮ್ಮ ಬ್ಯಾಚಿನಲ್ಲೇ ನೋಡಿದ್ದೇನೆ. ಎರಡು ವರಸೆಯಲ್ಲೂ ಒಂದೇ ಥರ ಕಾಣುವ ಭಂಗಿಗಳು ಬರುತ್ತವೆ. ಅಂಥ ಜಾಗಕ್ಕೆ ಬಂದಾಗ ಕಾಲು ಒಂದು ಕಡೆ ಹೋಗುತ್ತದೆ, ಕತ್ತಿ ಇನ್ನೊಂದು ಕಡೆ. 32 ಪೂರ್ತಿ ಕೈಗೆ ಕೂತ ಮೇಲೆ 67 ಕಲಿಯಲು ಏನೂ ಅಡ್ಡಿಯಿಲ್ಲ.

ಹುಬ್ಬಳ್ಳಿಯಿಂದ

ನಾನು ಕೆಲಸದ ಮೇಲೆ ಶಾಂಘೈಯಲ್ಲಿ ಹಲವು ವರ್ಷ ಇದ್ದೆ. ಅಲ್ಲಿನ ಪಾರ್ಕಿನಲ್ಲಿ 32 ಕಲಿತು, ಆಮೇಲೆ ಯಾಂಗ್ ಮನೆತನದ ವರಸೆ ಕಲಿತವನು. ನೀವು ಬರೆದಂಥ ಜಗಳವನ್ನು ಬಹಳ ಹತ್ತಿರದಿಂದ ಕಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಪರಂಪರೆ ಇಲ್ಲ" ಅನ್ನುವುದು ಇತಿಹಾಸಕ್ಕೆ ಹೊಂದದ ಮಾತು. ಚೀನಾದ ಕ್ರೀಡಾ ಆಯೋಗ 1956ರಲ್ಲಿ 24ರ ಕೈವರಸೆ ರೂಪಿಸಿತು, ಮರುವರ್ಷ 32ರ ಕತ್ತಿವರಸೆ. ಎರಡಕ್ಕೂ ಬುನಾದಿ ಯಾಂಗ್ ಶೈಲಿಯೇ. ಮರುಕಳಿಸುವ ಭಂಗಿಗಳನ್ನು ತೆಗೆದು, 32ನ್ನು ಎಂಟೆಂಟರ ನಾಲ್ಕು ಭಾಗ ಮಾಡಿ, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯುವಂತೆ ಹೊಂದಿಸಿದರು. ಈ ಕೆಲಸದಲ್ಲಿ ಮುಂದಿದ್ದವರು ಲೀ ಟಿಯಾನ್‌ಜಿ. ಅವರ ತಂದೆ ಲೀ ಯುಲಿನ್ ಇಬ್ಬರು ದೊಡ್ಡವರ ಬಳಿ ಕಲಿತವರು: ಒಬ್ಬರು ಸುನ್ ಶೈಲಿಯ ಸುನ್ ಲುಟಾಂಗ್, ಇನ್ನೊಬ್ಬರು ಲೀ ಜಿಂಗ್‌ಲಿನ್. ಲೀ ಜಿಂಗ್‌ಲಿನ್ ಸೈನ್ಯದಲ್ಲಿ ಜನರಲ್ ಆಗಿದ್ದವರು. ವುಡಾಂಗ್ ಕತ್ತಿವಿದ್ಯೆಯಲ್ಲಿ ಆ ಕಾಲಕ್ಕೆ ಅವರದೇ ಹೆಸರು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಶುರುವಾದ ಕೇಂದ್ರೀಯ ಗುವೋಷು (ಚೀನೀ ಸಮರಕಲೆ) ಸಂಸ್ಥೆಗೆ ಉಪಾಧ್ಯಕ್ಷರಾಗಿದ್ದರು. ಅಂದಮೇಲೆ ನಿಮ್ಮ ಆಂಟಿ ಹೇಳಿಕೊಡುತ್ತಿರುವ ವರಸೆಯನ್ನು ಕಟ್ಟಿದವರ ಹಿಂದೆ ಗುರುಗಳ ಸಾಲು ಗಟ್ಟಿಯಾಗಿಯೇ ಇದೆ. ಸಮಿತಿ ಕೂತು ಜೋಡಿಸಿದ್ದು ನಿಜ. ಜೋಡಿಸಿದ ಕೈಗಳು ಕತ್ತಿ ಬಲ್ಲ ಕೈಗಳು.

ಇನ್ನು 67ರದು. ಯಾಂಗ್ ಲುಚಾನ್ ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಹಳ್ಳಿಯಲ್ಲಿ ಚೆನ್ ಚಾಂಗ್‌ಶಿಂಗ್ ಬಳಿ ಕಲಿತು ತಂದ ವಿದ್ಯೆ, ಮೊಮ್ಮಗ ಯಾಂಗ್ ಚೆಂಗ್‌ಫು ಕಾಲಕ್ಕೆ ಇಂದು ನಾವು ಕಾಣುವ ನಿಧಾನದ, ದೊಡ್ಡ ಚಾಚಿನ ರೂಪಕ್ಕೆ ಬಂತು. 67 ಭಂಗಿಗಳ ವರಸೆಯನ್ನು ಅವರ ಮಗ ಯಾಂಗ್ ಝೆನ್‌ದುವೋ ಮತ್ತು ಝೆನ್‌ದುವೋ ಅವರ ಮೊಮ್ಮಗ ಯಾಂಗ್ ಜುನ್ ಲೋಕವೆಲ್ಲ ಹಬ್ಬಿಸಿದರು. ಬಹಳ ಸುಂದರವಾದ ವರಸೆ, ನನಗೆ ಅಚ್ಚುಮೆಚ್ಚು. ಆದರೆ ಅದೇ ಯಾಂಗ್ ಚೆಂಗ್‌ಫು ಅವರ ಇನ್ನೊಬ್ಬ ಶಿಷ್ಯ ಝೆಂಗ್ ಮಾನ್‌ಚಿಂಗ್ ಕಡೆಯವರು ಮಾಡುವುದು 54 ಭಂಗಿಗಳ ಕತ್ತಿವರಸೆ. ಗುರು ಒಬ್ಬರೇ ಆದರೂ ಎರಡು ಕವಲುಗಳ ಲೆಕ್ಕ ಬೇರೆ, ಮಣಿಕಟ್ಟು ಬೇರೆ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಒಬ್ಬರದು ತಪ್ಪು ಎನ್ನಲು ಆಗುತ್ತದೆಯೇ? ಬಡಗುತಿಟ್ಟಿನ ಹೆಜ್ಜೆಯನ್ನು ತೆಂಕುತಿಟ್ಟಿನ ಅಳತೆಯಲ್ಲಿ ಅಳೆದು ತಪ್ಪು ಹುಡುಕಿದರೆ ಯಕ್ಷಗಾನ ಬಲ್ಲವರು ಒಪ್ಪುವುದಿಲ್ಲ. ಇದೂ ಅಂಥದ್ದೇ.

ಹಾಗಾದರೆ ಏನು ಮಾಡಿದರೂ ಸರಿಯೇ ಎಂದು ಕೇಳಬಹುದು. ಖಂಡಿತ ಅಲ್ಲ. ಎಡಗೈ ಎಷ್ಟು ಎತ್ತರ, ಪಾದ ಎಷ್ಟು ಓರೆ ಎಂಬುದನ್ನು ನಿಮ್ಮ ಪರಂಪರೆ ಹೇಳುತ್ತದೆ. ಆ ಕ್ಷಣದಲ್ಲಿ ಕತ್ತಿ ಕತ್ತಿಯ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಕತ್ತಿಯೇ ಹೇಳುತ್ತದೆ. ಅದರಲ್ಲಿ ರಿಯಾಯಿತಿ ಇಲ್ಲ.

ನಿಮ್ಮ 32ರಲ್ಲೇ ನೋಡಿ. ನಾಲ್ಕನೆಯ ಭಂಗಿ ಕತ್ತಿಯನ್ನು ಬಲಕ್ಕೆ ಅಡ್ಡಡ್ಡ ಎಳೆಯುವುದು, ಐದನೆಯದು ಎಡಕ್ಕೆ. ಬಲಕ್ಕೆ ಎಳೆಯುವಾಗ ಅಂಗೈ ಕೆಳಮುಖ, ಎಡಕ್ಕೆ ಎಳೆಯುವಾಗ ಮೇಲ್ಮುಖ. ಯಾಕೆ ಹೀಗೆ? ನಿಧಾನವಾಗಿ ಮಾಡಿ, ಕಣ್ಣು ಅಲಗಿನ ಮೇಲಿಡಿ. ಎರಡೂ ಸಲ ಕಿರುಬೆರಳಿನ ಕಡೆಯ ಅಂಚೇ ಮುಂದಾಗಿ ಹೋಗುತ್ತದೆ. ಅಂಗೈ ಅರೆಬರೆ ತಿರುಗಿದರೆ ಅಂಚಿನ ಬದಲು ಅಲಗಿನ ಚಪ್ಪಟೆ ಮೈ ಗಾಳಿಗೆ ಬಡಿಯುತ್ತದೆ. ಆಗ ಅದು ಕೊಯ್ಯುವುದಿಲ್ಲ, ತಳ್ಳುತ್ತದೆ ಅಷ್ಟೇ. ಪಾರ್ಕಿನಲ್ಲಿ ಹತ್ತು ಜನರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಇದು ಯಾವ ಮನೆತನಕ್ಕೆ ಹೋದರೂ ತಪ್ಪೇ.

ಇನ್ನೊಂದು, ಮೊದಲನೇ ಭಂಗಿಯಲ್ಲೇ ಬರುವ "ದಿಯಾನ್". ಕಾಲು ಜೋಡಿಸಿ ನಿಂತು, ಮಣಿಕಟ್ಟು ಎತ್ತಿ, ಮೊನೆಯಿಂದ ಕೆಳಕ್ಕೆ ಕುಟುಕುವುದು. ಕಸುವು ಮೊನೆಯಲ್ಲಿ ಬರಬೇಕು, ಹಿಡಿತ ಸಡಿಲ ಇರಬೇಕು. ಇದನ್ನು "ಪೀ" ಜೊತೆ ಬೆರೆಸುವವರು ಬಹಳ. ಪೀ ಎಂದರೆ ಕಡಿಯುವುದು. ಅಲ್ಲಿ ತೋಳು ಮತ್ತು ಕತ್ತಿ ಒಂದೇ ಗೆರೆಯಲ್ಲಿ ಇಳಿಯುತ್ತವೆ, ಕಸುವು ಅಂಚಿನಲ್ಲಿ. ಕುಟುಕುವ ಕಡೆ ಕಡಿದರೆ ಭುಜ ಬಿಗಿಯುತ್ತದೆ. ಕಡಿಯುವ ಕಡೆ ಕುಟುಕಿದರೆ ಮಣಿಕಟ್ಟು ಒಂದೇ ಎಲ್ಲ ಭಾರ ಹೊರುತ್ತದೆ. ನಿಮ್ಮ ನೋವು ಅಲ್ಲಿಂದಲೇ ಇರಬಹುದು, ಒಮ್ಮೆ ಗಮನಿಸಿ.

ಹಾಗಾಗಿ ಆಂಟಿಯ ಬಳಿ, ಆ ಮೇಷ್ಟ್ರ ಬಳಿ, ಇಬ್ಬರ ಬಳಿಯೂ ಒಂದೇ ಪ್ರಶ್ನೆ ಕೇಳಿ: "ಈ ಭಂಗಿಯಲ್ಲಿ ಕತ್ತಿ ಏನು ಮಾಡುತ್ತಿದೆ, ಯಾವ ಅಂಚು, ಅಲಗಿನ ಯಾವ ಭಾಗ?" ಮೊನೆಯ ಹತ್ತಿರದ ಮೂರನೇ ಒಂದು ಭಾಗ ಹೊಡೆಯಲು, ಹಿಡಿಯ ಹತ್ತಿರದ ಭಾಗ ತಡೆಯಲು. ಇಷ್ಟನ್ನು ಕೈಯಲ್ಲಿ ಮಾಡಿ ತೋರಿಸುವವರ ಬಳಿ ಕಲಿಯಿರಿ. "ನಮ್ಮಲ್ಲಿ ಹೀಗೇ" ಅಂದು ನಿಲ್ಲಿಸುವವರು ಪಾರ್ಕಿನಲ್ಲೂ ಇದ್ದಾರೆ, ದೊಡ್ಡ ಮನೆತನದ ಫೋಟೋ ಗೋಡೆಗೆ ಹಾಕಿಕೊಂಡವರಲ್ಲೂ ಇದ್ದಾರೆ.

ಅಮೆರಿಕ, ನ್ಯೂಜೆರ್ಸಿಯಿಂದ

ಹುಬ್ಬಳ್ಳಿಯವರು ಹೇಳಿದ 54ರ ವರಸೆಯೇ ನನ್ನದು. ಝೆಂಗ್ ಮಾನ್‌ಚಿಂಗ್ 1964ರಲ್ಲಿ ನ್ಯೂಯಾರ್ಕಿಗೆ ಬಂದು ಕಲಿಸಿದರು, ಇಲ್ಲಿ ಅವರ ಕಡೆಯ ಗುಂಪುಗಳು ಇನ್ನೂ ಇವೆ. ಅಕ್ಕಾ, ಮಣಿಕಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಹಿಡಿಯನ್ನು ಐದು ಬೆರಳಿನಲ್ಲೂ ಅವುಚಿ ಹಿಡಿಯಬೇಡಿ. ಹೆಬ್ಬೆರಳು, ನಡುಬೆರಳು, ಉಂಗುರದ ಬೆರಳು ಹಿಡಿದರೆ ಸಾಕು. ತೋರುಬೆರಳು, ಕಿರುಬೆರಳು ಜೊತೆಗಿರಲಿ, ಬಿಗಿಯದಿರಲಿ. ಅಂಗೈಯಲ್ಲಿ ಸ್ವಲ್ಪ ಜಾಗ ಉಳಿಯಬೇಕು. ಭಂಗಿ ಬದಲಾದಂತೆ ಹಿಡಿ ಅಂಗೈಯೊಳಗೆ ತಿರುಗಬೇಕು, ತಿರುಗದಿದ್ದರೆ ಆ ತಿರುವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ನಮ್ಮಲ್ಲಿ ಜೋಡಿಯಾಗಿ, ಮರದ ಕತ್ತಿಗಳನ್ನು ಒಂದಕ್ಕೊಂದು ತಾಗಿಸಿಕೊಂಡು ಅಭ್ಯಾಸ ಮಾಡುತ್ತೇವೆ. ಹೊಡೆದಾಟ ಅಲ್ಲ, ಎದುರಿನವರ ಕತ್ತಿ ಎತ್ತ ಹೊರಳುತ್ತದೆ ಎಂದು ಅಲಗಿನ ಮೂಲಕ ತಿಳಿಯುವುದು. ಹಿಡಿತ ಬಿಗಿದವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ಒಪ್ಪಿದರೆ ಒಮ್ಮೆ ಮಾಡಿ ನೋಡಿ. ವರಸೆ ಪೂರ್ತಿ ಬೇರೆಯಾಗಿ ಕಾಣುತ್ತದೆ.

ನೋವು ಎರಡು ವಾರ ಕಳೆದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಮರದ ಕತ್ತಿಯೇ ಸಾಕು.

ಲಂಡನ್‌ನಿಂದ

ನಾನು ಚೆನ್ ಶೈಲಿಯವನು, ಹುಬ್ಬಳ್ಳಿಯವರ ಮಾತಿನಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ, ಅರ್ಧಕ್ಕೆ ಇಲ್ಲ. ಪರಂಪರೆಯನ್ನು ಬರೀ ಎತ್ತರ-ಓರೆಯ ವಿಚಾರಕ್ಕೆ ಇಳಿಸಬಾರದು. ನಮ್ಮ 49ರ ಕತ್ತಿವರಸೆಯಲ್ಲಿ ನಿಧಾನ ಇದ್ದ ಹಾಗೆಯೇ ದಿಢೀರ್ ಸ್ಫೋಟವೂ ಇದೆ. ಸೊಂಟದಿಂದ ಎದ್ದ ಸುರುಳಿ ಮೊನೆಯವರೆಗೆ ಹೋಗಬೇಕು. ಅದು ಪುಸ್ತಕದಲ್ಲಿ ಸಿಗುವುದಿಲ್ಲ, ವಿಡಿಯೋದಲ್ಲಿ ಕಾಣುವುದಿಲ್ಲ. ಗುರು ನಿಮ್ಮ ಸೊಂಟಕ್ಕೆ, ಮೊಣಕೈಗೆ ಕೈಯಿಟ್ಟು ತಿದ್ದಿದಾಗಲೇ ಬರುವುದು. ಆ ಗುರುವನ್ನು ಅವರ ಗುರು ಹಾಗೆಯೇ ತಿದ್ದಿರಬೇಕು. ನಡುವೆ ಒಂದು ಕೊಂಡಿ ಕಳಚಿದರೆ ಹೊರಗಿನ ಆಕಾರ ಉಳಿಯುತ್ತದೆ, ಒಳಗಿನದು ಹೋಗುತ್ತದೆ. ಕತ್ತಿಯೇ ಹೇಳುತ್ತದೆ ಅನ್ನುತ್ತೀರಿ. ಹೊಸಬರಿಗೆ ಕತ್ತಿಯ ಮಾತು ಕೇಳಿಸುವುದಾದರೂ ಹೇಗೆ ಸರ್?

ಪರಂಪರೆ ಪರೀಕ್ಷಿಸುವ ಬಗ್ಗೆ ಮೇಡಂ ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಜನ ಮೋಸ ಹೋಗುತ್ತಾರೆ. ಚೀನಾದಲ್ಲಿ ತರಗತಿಗೆ ಬರುವ ವಿದ್ಯಾರ್ಥಿ ಬೇರೆ, "ಬೈಶಿ" ಆದ ಶಿಷ್ಯ ಬೇರೆ. ಬೈಶಿ ಎಂದರೆ ಸಾಕ್ಷಿಗಳ ಎದುರು ಗುರುವಿಗೆ ನಮಸ್ಕರಿಸಿ, ಚಹಾ ಕೊಟ್ಟು, ಶಿಷ್ಯತ್ವ ಪಡೆಯುವ ವಿಧಿ. ದೊಡ್ಡ ಹೆಸರಿನವರ ವಾರಾಂತ್ಯದ ಶಿಬಿರಕ್ಕೆ ಹೋಗಿ ಫೋಟೋ ತೆಗೆಸಿಕೊಂಡವರು ತಮ್ಮನ್ನು ಆ ತಲೆಮಾರಿನವರೆಂದು ಕರೆದುಕೊಳ್ಳುವುದುಂಟು. ಯಾರ ಬಳಿ, ಯಾವ ಊರಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ವಿನಯದಿಂದ ಕೇಳಿ. ನಿಜವಾಗಿ ಕಲಿತವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ, ತಮ್ಮ ಗುರುವಿನ ಬಗ್ಗೆ ಮಾತಾಡಲು ಯಾರಿಗೆ ಇಷ್ಟವಿಲ್ಲ? ಆಂಟಿಯನ್ನೂ ಕೇಳಿ. ಪಾರ್ಕಿನಲ್ಲಿ ಕಲಿಸುವ ಎಷ್ಟೋ ಹಿರಿಯರ ಹಿಂದೆ ಒಳ್ಳೆಯ ಗುರುಗಳಿರುತ್ತಾರೆ, ಅವರಾಗಿ ಹೇಳಿಕೊಳ್ಳುವುದಿಲ್ಲ.

ಹುಬ್ಬಳ್ಳಿಯಿಂದ

ಲಂಡನ್ನಿನವರ ಆಕ್ಷೇಪ ನ್ಯಾಯವಾದದ್ದು. ತಿದ್ದುವ ಕೈ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ವಾದ ಇಷ್ಟೇ: ತಿದ್ದುವವರು ಕಾರಣ ಕೊಟ್ಟು ತಿದ್ದಬೇಕು. ಮೇಡಂಗೆ ಆ ಮೇಷ್ಟ್ರು "ತಪ್ಪು" ಅಂದರೇ ಹೊರತು ಯಾಕೆ ಎಂದು ಹೇಳಿದ ಹಾಗೆ ಕಾಣುವುದಿಲ್ಲ.

ಹೊಸಬರಿಗೆ ಕತ್ತಿಯ ಮಾತು ಕೇಳಿಸುವುದಕ್ಕೆ ಒಂದು ದಾರಿ ಇದೆ. ಅಂಗಡಿಯಲ್ಲಿ ಸಿಗುವ ತೆಳು ತಗಡಿನ ಪ್ರದರ್ಶನದ ಕತ್ತಿ ಬಿಡಿ. ಅದು ಏನು ಮಾಡಿದರೂ ಝಲ್ಲೆಂದು ನಡುಗುತ್ತದೆ. ಕಸುವು ಮೊನೆಗೆ ಬಂದು ನಡುಗಿತೋ, ತೆಳುವಾಗಿರುವುದರಿಂದ ನಡುಗಿತೋ ಗೊತ್ತಾಗುವುದೇ ಇಲ್ಲ. ಸ್ವಲ್ಪ ಗಡಸು ಅಲಗಿನದು, ಅಂಚು ಮಸೆಯದ್ದು ತೆಗೆದುಕೊಳ್ಳಿ. ಉದ್ದ ನೋಡಲು ಎಡಗೈಯಲ್ಲಿ ಕತ್ತಿಯನ್ನು ತಲೆಕೆಳಗಾಗಿ ಹಿಡಿದು ತೋಳಿನ ಹಿಂದೆ ನಿಲ್ಲಿಸಿ, ಮೊನೆ ಕಿವಿಯ ಮಟ್ಟಕ್ಕೆ ಬರಬೇಕು. ಹಿಡಿಯ ತುದಿಯ ಕುಚ್ಚು ಉದ್ದವಿದ್ದರೆ ಸದ್ಯಕ್ಕೆ ಬಿಚ್ಚಿಡಿ. ಮುಂದೆ ಕಟ್ಟಿಕೊಂಡಾಗ ಅದು ಪದೇಪದೇ ಮಣಿಕಟ್ಟಿಗೆ ಸುತ್ತಿಕೊಂಡರೆ ಕೈ ಎಲ್ಲೋ ಜಗ್ಗುತ್ತಿದೆ ಎಂದು ಅರ್ಥ.

ಎಡಗೈ ಬಗ್ಗೆ ಹೇಳಲು ಮರೆತಿದ್ದೆ. ತೋರುಬೆರಳು, ನಡುಬೆರಳು ನೀಟಾಗಿ ಚಾಚಿ, ಉಳಿದೆರಡನ್ನು ಮಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದು ಎಲ್ಲ ಕಡೆಯೂ ಒಂದೇ. ಅದು ಹಣೆಯ ಮೇಲೆ ಎಷ್ಟು ಎತ್ತರ, ಬಲ ಮಣಿಕಟ್ಟನ್ನು ತಾಗಬೇಕೋ ಬೇಡವೋ ಎಂಬುದು ಮನೆತನಕ್ಕೊಂದು ಥರ. ಆಂಟಿಯ ಬಳಿ ಆಂಟಿಯ ಹಾಗೆ ಮಾಡಿ. ಕೈ ಸತ್ತಂತೆ ಜೋತುಬೀಳದೆ ಕತ್ತಿಗೆ ಸಮತೂಕ ಕೊಡುತ್ತಿದ್ದರೆ ಸಾಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ನಾಲ್ಕನೇ ಭಂಗಿಯಲ್ಲಿ ಅಂಚಿನ ಬಗ್ಗೆ ಆಂಟಿಯನ್ನು ಕೇಳಿದೆ. ಅವರು ಏನೂ ಹೇಳದೆ ನನ್ನ ಅಂಗೈಯನ್ನು ಇನ್ನೂ ಸ್ವಲ್ಪ ತಿರುಗಿಸಿ, ತಮ್ಮ ಕತ್ತಿಯನ್ನು ನನ್ನ ಕತ್ತಿಗೆ ಅಡ್ಡ ಹಿಡಿದು ಎಳೆಯಲು ಹೇಳಿದರು. ಅಂಚು ಸರಿಯಾಗಿ ಜಾರಿಕೊಂಡು ಹೋಗುವವರೆಗೆ ಬಿಡಲಿಲ್ಲ. ಅವರ ಗುರು ಯಾರು ಎಂದು ಕೇಳಿದ್ದಕ್ಕೆ ಅರ್ಧ ಗಂಟೆ ಮಾತಾಡಿದರು, ನನ್ನ ಅರೆಬರೆ ಮ್ಯಾಂಡರಿನ್‌ನಲ್ಲಿ ಪೂರ್ತಿ ಅರ್ಥವಾಗಲಿಲ್ಲ, ಮುಂದಿನ ವಾರ ಮಗನನ್ನು ಕರೆದುಕೊಂಡು ಹೋಗುತ್ತೇನೆ. 32 ಮುಗಿಸಿ ಆಮೇಲೆ 67 ನೋಡುತ್ತೇನೆ. ದಸರಾಕ್ಕೆ ಊರಿಗೆ ಬರುವಾಗ ಕತ್ತಿ ತರಬಹುದಾ?

ಬೆಂಗಳೂರು, ಜಯನಗರದಿಂದ

ಕ್ಯಾಬಿನ್ ಬ್ಯಾಗಿನಲ್ಲಂತೂ ಬಿಡುವುದಿಲ್ಲ ಮೇಡಂ, ಮಸೆಯದಿದ್ದರೂ ಸರಿ, ಮರದ್ದಾದರೂ ಸರಿ. ಲೋಹದ್ದು ತರಲೇಬೇಕಿದ್ದರೆ ವಿಮಾನ ಸಂಸ್ಥೆಯನ್ನೂ ಕಸ್ಟಮ್ಸ್ ನಿಯಮವನ್ನೂ ಮೊದಲೇ ವಿಚಾರಿಸಿ. ಸುಮ್ಮನೆ ತಾಪತ್ರಯ ಯಾಕೆ, ನಮ್ಮ ಬ್ಯಾಚಿನಲ್ಲಿ ಮರದ ಕತ್ತಿಗಳಿವೆ, ಬಂದಾಗ ತಿಳಿಸಿ.