ಅಪ್‌ಡೇಟ್: ಹಳೇ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್ ಕೂತಿತು

ಹಳೇ ಎಟಿಎಕ್ಸ್ (ಬೋರ್ಡ್‌ನ ಒಂದು ಅಳತೆ) ಕ್ಯಾಬಿನೆಟ್‌ಗೆ ಅದಕ್ಕಿಂತ ಚಿಕ್ಕ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್ ಹಿಡಿಸುತ್ತಾ, ಹಳೇ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಪೆಟ್ಟಿಗೆ) ಸಾಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯದ ಮನೆಯಲ್ಲಿ ತಂಗಿಯ ಕಂಪ್ಯೂಟರ್ ಈಗ ಚೆನ್ನಾಗಿ ಓಡುತ್ತಿದೆ.

ಬೋರ್ಡ್ ಆರಾಮಾಗಿ ಕೂತಿತು. ಎಟಿಎಕ್ಸ್ ಅಳತೆ 305 x 244 ಮಿ.ಮೀ., ಮೈಕ್ರೋ 244 x 244. ಕೆಳಗಡೆ ಸ್ವಲ್ಪ ಜಾಗ ಖಾಲಿ ಉಳಿಯುತ್ತೆ, ಅಷ್ಟೇ. ಆದರೆ ಬೋರ್ಡ್‌ನಲ್ಲಿ ತೂತಿಲ್ಲದ ಕಡೆ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನು ಸ್ಕ್ರೂ ಹಾಕಿ ಕೂರಿಸೋ ಸಣ್ಣ ಕಂಬ) ಇದ್ದರೆ ಮೊದಲೇ ಬಿಚ್ಚಿಬಿಡಿ. ಬೋರ್ಡ್‌ನ ಬೆನ್ನಿಗೆ ತಾಗಿದರೆ ಶಾರ್ಟ್ ಆಗಬಹುದು. ನಾನು ಎರಡು ತೆಗೆದೆ.

ಎಸ್‌ಎಂಪಿಎಸ್ ಮಾತ್ರ ಬದಲಾಯಿಸಬೇಕಾಯಿತು. ಹಳೆಯದರಲ್ಲಿ ಸಿಪಿಯುಗೆ 4 ಪಿನ್ ವೈರ್ ಇತ್ತು, ಬೋರ್ಡ್‌ನಲ್ಲಿ 8 ಪಿನ್ ಸಾಕೆಟ್. ಹೊಸದು 550 ವ್ಯಾಟ್. ಇಲ್ಲಿ ಹುಷಾರಾಗಿರಿ: ಸಿಪಿಯು ವೈರ್ 4+4 ಆಗಿ ಬಿಡಿಸಿಕೊಳ್ಳುತ್ತೆ, ಗ್ರಾಫಿಕ್ಸ್ ಕಾರ್ಡಿನದು 6+2. ಎರಡೂ ನೋಡೋಕೆ ಒಂದೇ ಥರ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಬೇಡಿ. ಅಂದಹಾಗೆ, ಎಸ್‌ಎಂಪಿಎಸ್ ಡಬ್ಬದ ಮೇಲಿನ 80 ಪ್ಲಸ್ ಅನ್ನೋ ಗುರುತು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತೆ ಅಂತ ಹೇಳುತ್ತೆ. ಎಷ್ಟು ವ್ಯಾಟ್ ಅಂತ ಬೇರೆಯೇ ನೋಡಬೇಕು.

ಮುಂದಿನ ಪ್ಯಾನೆಲ್‌ನ ಸಣ್ಣ ವೈರ್‌ಗಳಲ್ಲಿ ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು, ಪವರ್ ಸ್ವಿಚ್‌ಗೆ ಇಲ್ಲ. ಬೋರ್ಡ್ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಇರುತ್ತೆ, ನೋಡಿಕೊಂಡೇ ಹಾಕಿ.